ಮಸೀದಿಯ ಛಾವಣಿ ಮತ್ತು ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ನಮ್ಮ ಬೀದಿಯಲ್ಲಿರುವಂಥ 20x30 ಸೈಟಿನ ಚಿಕ್ಕ ಮನೆಯ ಮೇಲೂ ವರ್ಷಕ್ಕೆ ಐವತ್ತು ಸಾವಿರ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಅದು ತಾರಸಿಯಿಂದ ಪೈಪಿಗೆ, ಪೈಪಿನಿಂದ ಬೀದಿಗೆ, ಬೀದಿಯಿಂದ ಮೋರಿಗೆ ಹೋಗುತ್ತದೆ. ಆಮೇಲೆ ಮಾರ್ಚ್ ತಿಂಗಳಲ್ಲಿ ನಾವು ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

ಹಸಿರು ಕಟ್ಟಡ ಎಂದರೆ ನಮ್ಮಲ್ಲಿ ಅನೇಕರಿಗೆ ದೊಡ್ಡ ಗಾಜಿನ ಕಟ್ಟಡ, ಅದರ ಬಾಗಿಲಲ್ಲಿ ಹಾಕಿರುವ ಪ್ರಮಾಣಪತ್ರ, ಒಳಗೆ ಕುಂಡದ ಗಿಡಗಳು ನೆನಪಿಗೆ ಬರುತ್ತವೆ. ನಾನು ಬರೆಯಲು ಹೊರಟಿರುವುದು ಒಂದು ಹಳೆಯ ಕಟ್ಟಡದ ಬಗ್ಗೆ: ನಮ್ಮ ಮೊಹಲ್ಲಾದ ಮಸೀದಿ. ನಾನು ಅದರ ವಜೂಖಾನೆಯನ್ನು ಒಳಗೆ ಹೋಗಿ ನೋಡಿದವಳಲ್ಲ. ಆದರೆ ಅದರ ನೀರಿನ ಲೆಕ್ಕ ನನಗೆ ಬಾಯಿಪಾಠ. ಕಾರಣ ಇಷ್ಟೇ. ಅಬ್ಬಾ ಕಮಿಟಿಯ ಖಜಾಂಚಿ. ಅವರು ಉರ್ದುವಿನಲ್ಲಿ ಓದಿದವರು. ಕಚೇರಿಗಳಿಗೆ ಕೊಡುವ ಅರ್ಜಿ, ಪತ್ರ, ರಸೀದಿ ಎಲ್ಲ ಕನ್ನಡದಲ್ಲಿ ಆಗಬೇಕು. ನಾನು ಎಂಟನೇ ತರಗತಿಯಿಂದ ಅವುಗಳನ್ನು ಬರೆದುಕೊಡುತ್ತಿದ್ದೇನೆ. ಕಾಮರ್ಸ್ ತೆಗೆದುಕೊಂಡ ಮೇಲೆ ಲೆಕ್ಕದ ಪುಸ್ತಕವೂ ನನ್ನ ಕೈಗೆ ಬಂತು.

2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಬೇಗ ಮರೆಯುವುದಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ನಗರದಲ್ಲಿ ಸರ್ಕಾರದ ಸುಮಾರು 14 ಸಾವಿರ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ಆ ದರಕ್ಕೆ ನಮ್ಮ ಬೀದಿಗೆ ಯಾರೂ ಬರಲಿಲ್ಲ ಎಂಬುದು ಬೇರೆ ಮಾತು.

ಅದೇ ಮಾರ್ಚ್ 12ರಂದು ರಂಜಾನ್ ಶುರುವಾಯಿತು. ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುತ್ತಿದ್ದೆ. ಮಸೀದಿಯ ಬೋರ್‌ವೆಲ್ 850 ಅಡಿ ಆಳದ್ದು. ಎರಡನೇ ರೋಜಾದ ದಿನ ಅದರಿಂದ ಗಾಳಿ ಮಾತ್ರ ಬಂತು. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಸಣ್ಣಗೆ. ಮನೆಯಲ್ಲೇ ವಜೂ ಮಾಡಿಕೊಂಡು ಬನ್ನಿ ಎಂದು ಮೈಕಿನಲ್ಲಿ ಹೇಳಿದರು. ಮನೆಗಳಲ್ಲಿ ನೀರಿದ್ದರೆ ತಾನೇ?

ಮಸೀದಿಯ ಕಾಂಪೌಂಡಿಗೆ ಹೊರಗಡೆಯಿಂದ ಒಂದು ನಲ್ಲಿ ಇದೆ. ಅದು ಬೀದಿಯ ನಲ್ಲಿ. ಹಿಂದಿನಿಂದಲೂ ಯಾರು ಬೇಕಾದರೂ ಕೊಡ ಹಿಡಿಯಬಹುದು, ಯಾವ ಜಾತಿ, ಯಾವ ಧರ್ಮ ಎಂದು ಯಾರೂ ಕೇಳಿದ್ದಿಲ್ಲ. ಬೀದಿಯ ಸುಮಾರು ಮೂವತ್ತು ಮನೆಗಳು ಅದನ್ನು ನಂಬಿವೆ. ಹೆಚ್ಚಿನವು ಬಾಡಿಗೆ ಮನೆಗಳು. ಅಲ್ಲಿ ಸಂಪೂ ಇಲ್ಲ, ಬೋರ್‌ವೆಲ್ಲೂ ಇಲ್ಲ. ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವ ಹೆಂಗಸರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಗಾರೆ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಕುಟುಂಬಗಳು ಅಲ್ಲಿವೆ. ನೀರು ಕಡಿಮೆಯಾದಾಗ ಕಮಿಟಿ ಮಾಡಿದ ಮೊದಲ ತೀರ್ಮಾನ ಆ ನಲ್ಲಿಯನ್ನು ಮುಚ್ಚುವುದು. ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ನೀರನ್ನು ಬೀದಿಗೆ ಬಿಡಲಾಗದು ಎಂಬುದು ಅವರ ವಾದ. ಅವರನ್ನು ಕೆಟ್ಟವರೆಂದು ನಾನು ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ನಲ್ಲಿ ಹನ್ನೊಂದು ವಾರ ಮುಚ್ಚಿತ್ತು. ಆ ಹನ್ನೊಂದು ವಾರ ಹೆಂಗಸರು ಬೆಳಿಗ್ಗೆ ಐದಕ್ಕೆ ಎದ್ದು ಮೂರು ಬೀದಿ ದಾಟಿ ಹೋಗಿ ಸಾಲು ನಿಲ್ಲುತ್ತಿದ್ದರು. ನನ್ನ ಪಕ್ಕದ ಮನೆಯ ಹುಡುಗಿ ನನ್ನದೇ ತರಗತಿ. ಗಣಿತ ಪರೀಕ್ಷೆಯ ದಿನವೂ ಅವಳು ಎರಡು ಕೊಡ ತಂದಿಟ್ಟೇ ಹೊರಟಳು.

ಮುಂದಿನ ವರ್ಷ ಪ್ರಥಮ ಪಿಯುಸಿಯಲ್ಲಿ ಬಂಡವಾಳ ವೆಚ್ಚ ಮತ್ತು ಆದಾಯ ವೆಚ್ಚ ಎಂಬ ಪಾಠ ಬಂತು. ಅದರ ಲಾಭ ಹಲವು ವರ್ಷ ಸಿಗುವುದಾದರೆ ಬಂಡವಾಳ ವೆಚ್ಚ. ಅದೇ ವರ್ಷದಲ್ಲಿ ಮುಗಿದುಹೋಗುವುದಾದರೆ ಆದಾಯ ವೆಚ್ಚ. ನಾನು ಮಸೀದಿಯ ಲೆಕ್ಕದ ಪುಸ್ತಕ ತೆರೆದು ನೋಡಿದೆ. 2024ರ ಬೇಸಿಗೆಯಲ್ಲಿ 31 ಟ್ಯಾಂಕರ್ ಬಂದಿದ್ದವು. ಮೊದಲ ಎಂಟಕ್ಕೆ ತಲಾ 1,400 ರೂಪಾಯಿ, ಉಳಿದ ಇಪ್ಪತ್ಮೂರಕ್ಕೆ ತಲಾ 1,000. ಒಟ್ಟು 34,200 ರೂಪಾಯಿ. ಇದು ಶುದ್ಧ ಆದಾಯ ವೆಚ್ಚ. ನೀರು ಮೋರಿಗೆ ಹೋದ ಕೂಡಲೇ ಹಣವೂ ಹೋಯಿತು.

ಹಾಗಾದರೆ ಬೋರ್‌ವೆಲ್? ಅದನ್ನು 2016ರಲ್ಲಿ 2,10,000 ರೂಪಾಯಿ ಖರ್ಚು ಮಾಡಿ ಕೊರೆಸಿದ್ದರು. ಅದನ್ನು ಆಸ್ತಿ ಎಂದೇ ಎಲ್ಲರೂ ತಿಳಿದಿದ್ದರು. ಎಂಟು ವರ್ಷಕ್ಕೆ ಬತ್ತಿತು. ಸವಕಳಿಯನ್ನು ನೇರ ಪದ್ಧತಿಯಲ್ಲಿ ಹಾಕಿದರೆ ವರ್ಷಕ್ಕೆ 26,250 ರೂಪಾಯಿ. ಮೋಟಾರಿನ ಕರೆಂಟು, ರಿಪೇರಿ ಬೇರೆ. ನಮ್ಮ ಪುಸ್ತಕದಲ್ಲಿ ಈ ಸವಕಳಿಯನ್ನು ಯಾರೂ ಬರೆದಿರಲಿಲ್ಲ, ಆದ್ದರಿಂದ ನೆಲದ ನೀರು ಬಿಟ್ಟಿ ಎಂಬ ಭಾವನೆ ಎಲ್ಲರಿಗೂ ಇತ್ತು. ಆದರೆ ಕಮಿಟಿಯ ಮುಂದೆ ಇದ್ದ ಪ್ರಸ್ತಾವ ಇನ್ನೊಂದು ಬೋರ್‌ವೆಲ್: 1,200 ಅಡಿ, ಮೂರೂವರೆ ಲಕ್ಷ ರೂಪಾಯಿ. ಸವಕಳಿ ಲೆಕ್ಕ ಹಾಕಲು ಆಸ್ತಿಯ ಬಾಳಿಕೆ ಎಷ್ಟು ವರ್ಷ ಎಂದು ಗೊತ್ತಿರಬೇಕು. ಈ ಹೊಸ ಬೋರ್‌ವೆಲ್ಲಿನ ಬಾಳಿಕೆಯ ಜಾಗದಲ್ಲಿ ನಾನು ಎಷ್ಟು ವರ್ಷ ಎಂದು ಬರೆಯಲಿ? ನೀರೇ ಸಿಗದಿದ್ದರೆ ಸೊನ್ನೆ. ಅಬ್ಬಾ ಅವರನ್ನು ಕೇಳಿದಾಗ ಅವರೂ ಸುಮ್ಮನಾದರು.

ಬೆಂಗಳೂರು ಯಾಕೆ ಹೀಗಾಯಿತು ಎಂದು ತಿಳಿಯಲು ನಗರದ ನೀರಿನ ಕಥೆಯನ್ನು ಸ್ವಲ್ಪ ನೋಡಬೇಕು. ನಮ್ಮ ಊರಿಗೆ ದೊಡ್ಡ ನದಿಯಿಲ್ಲ. ಕೆರೆ, ಬಾವಿಗಳೇ ಆಧಾರವಾಗಿದ್ದವು. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸೇರಿಕೊಂಡಿತು. 1974ರಲ್ಲಿ ಕಾವೇರಿ ಬಂದಳು. ದೂರದಿಂದ ನೀರು ಬರತೊಡಗಿದ ಮೇಲೆ ಹತ್ತಿರದ ಕೆರೆಗಳು ಬೇಡವಾದವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಖಾಲಿ ನೆಲಕ್ಕೆಲ್ಲ ಡಾಂಬರು, ಕಾಂಕ್ರೀಟು, ಇಂಟರ್‌ಲಾಕ್ ಕಲ್ಲು ಬಿತ್ತು. ಮಳೆ ನೀರು ನೆಲಕ್ಕೆ ಇಳಿಯುವ ದಾರಿ ಮುಚ್ಚಿತು. ಮೇಲಿನಿಂದ ಇಳಿಯುವುದು ನಿಂತು, ಕೆಳಗಿನಿಂದ ಎತ್ತುವುದು ಮಾತ್ರ ಮುಂದುವರಿಯಿತು. ಜಮೆ ಇಲ್ಲದೆ ಬರೀ ಡ್ರಾ ಮಾಡಿದರೆ ಬ್ಯಾಂಕ್ ಖಾತೆ ಎಷ್ಟು ದಿನ ನಡೆದೀತು?

ಕಾವೇರಿ ನೀರಿನ ಬಗ್ಗೆಯೂ ಒಂದು ಮಾತು. ಅದು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಹಂತ ಹಂತವಾಗಿ ಪಂಪ್ ಮಾಡುತ್ತಾರೆ. ಸೈನ್ಸ್ ವಿಭಾಗದ ಗೆಳತಿಯೊಬ್ಬಳು ನನಗೆ ಲೆಕ್ಕ ಮಾಡಿಕೊಟ್ಟಳು: 1,000 ಲೀಟರ್ ನೀರನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪಿನಲ್ಲಿ, ಪೈಪಿನ ಘರ್ಷಣೆಯಲ್ಲಿ ನಷ್ಟವಾಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಅಂದರೆ ನಲ್ಲಿಯನ್ನು ಸುಮ್ಮನೆ ಬಿಟ್ಟಾಗ ನೀರಿನ ಜೊತೆ ಕರೆಂಟೂ ಮೋರಿಗೆ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಸೇರಿತು. ಬಹಳ ಮನೆಗಳಿಗೆ ಅದರಿಂದ ಉಪಕಾರವಾಗಿದೆ. ಆದರೆ ಆರನೇ, ಏಳನೇ ಹಂತಕ್ಕೆ ಕಾವೇರಿಯಲ್ಲಿ ನೀರು ಎಲ್ಲಿಂದ ಬರಬೇಕು?

ಮಳೆ ನೀರು ಸಂಗ್ರಹಕ್ಕೆ ಬೆಂಗಳೂರಿನಲ್ಲಿ ಕಾನೂನಿದೆ. 2009ರ ತಿದ್ದುಪಡಿಯ ಪ್ರಕಾರ 2,400 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಕಟ್ಟಡಗಳು, 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಗಳು ಮಳೆ ನೀರು ಸಂಗ್ರಹದ ವ್ಯವಸ್ಥೆ ಮಾಡಿಕೊಳ್ಳಲೇಬೇಕು. ಇದು ಒಳ್ಳೆಯ ಕಾನೂನು. ಆದರೆ ನಮ್ಮಂಥ ಬೀದಿಗಳು ಇದರ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಎಲ್ಲವೂ 600 ಚದರಡಿಯ ಮನೆಗಳು. ನಮ್ಮ ಮಸೀದಿಯ ಛಾವಣಿ 1,800 ಚದರಡಿ, ಕಟ್ಟಡ ಹಳೆಯದು, ಅದಕ್ಕೂ ಈ ಕಾನೂನು ತಾಗುವುದಿಲ್ಲ. ಯಾರೂ ನೋಟಿಸ್ ಕೊಡುವುದಿಲ್ಲ, ದಂಡ ಹಾಕುವುದಿಲ್ಲ. ಆದರೂ ಇಡೀ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಛಾವಣಿ ಇನ್ನೊಂದಿಲ್ಲ. ಕಾನೂನು ನಮ್ಮನ್ನು ಕೇಳದಿದ್ದರೂ ಮಳೆ ನಮ್ಮ ಮೇಲೂ ಬೀಳುತ್ತದೆ.

1,800 ಚದರಡಿ ಎಂದರೆ ಸುಮಾರು 167 ಚದರ ಮೀಟರ್. 970ರಿಂದ ಗುಣಿಸಿದರೆ ಸುಮಾರು 1,62,000 ಲೀಟರ್. ಆವಿಯಾಗುವುದು, ಚೆಲ್ಲಿಹೋಗುವುದು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವುದು ಎಲ್ಲ ಕಳೆದು ನೂರಕ್ಕೆ ಎಂಬತ್ತು ಹಿಡಿದರೂ 1,30,000 ಲೀಟರ್ ಕೈಗೆ ಸಿಗುತ್ತದೆ. ಇದು 6,000 ಲೀಟರಿನ 21 ಟ್ಯಾಂಕರಿಗಿಂತ ಹೆಚ್ಚು. ಪೈಪು ಮತ್ತು ಫಿಲ್ಟರಿಗೆ 22,000, ಇಂಗುಬಾವಿಗೆ 40,000, ಒಟ್ಟು 62,000 ರೂಪಾಯಿ ಎಂದು ಕೆಲಸಗಾರರು ಹೇಳಿದರು. ಟ್ಯಾಂಕರಿಗೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷದೊಳಗೆ ಹಾಕಿದ ಹಣ ವಾಪಸ್. ಬೋರ್‌ವೆಲ್ಲಿನ ಮೂರೂವರೆ ಲಕ್ಷದ ಮುಂದೆ ಇದು ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇಷ್ಟು ಬರೆದು ಮುಗಿಸಿದಾಗ ನನಗೆ ಒಂದು ಸಂಶಯ ಬಂತು. ಬರುವ ನೀರಿನ ಲೆಕ್ಕ ಆಯಿತು, ಹೋಗುವ ನೀರಿನ ಲೆಕ್ಕ? ಜಮೆ ಬರೆದು ಖರ್ಚು ಬರೆಯದಿದ್ದರೆ ಅದು ಲೆಕ್ಕವೇ ಅಲ್ಲ. ನಾನು ಒಳಗೆ ಹೋಗುವಂತಿರಲಿಲ್ಲ. ಏಳನೇ ತರಗತಿಯ ನನ್ನ ತಮ್ಮನ ಕೈಗೆ ಒಂದು ಬಕೆಟ್, ಒಂದು ಲೀಟರಿನ ಮಗ್, ಒಂದು ಚೀಟಿ ಕೊಟ್ಟು ಕಳಿಸಿದೆ. ಅವನು ಮೂರು ದಿನದಲ್ಲಿ ಇಪ್ಪತ್ತು ಜನರ ವಜೂ ಅಳೆದ. ಹಿರಿಯರು ನಕ್ಕರಂತೆ, ಒಬ್ಬರು ಗದರಿದರಂತೆ, ಆದರೂ ಅವನು ಬಿಡಲಿಲ್ಲ. ನಲ್ಲಿ ಪೂರ್ತಿ ತಿರುಗಿಸಿಟ್ಟು ವಜೂ ಮಾಡಿದರೆ ಒಬ್ಬರಿಗೆ ಸರಾಸರಿ ಐದೂವರೆ ಲೀಟರ್. ನಮ್ಮಲ್ಲಿ ದಿನಕ್ಕೆ ಐದು ಹೊತ್ತಿನಿಂದ ಸುಮಾರು 200 ವಜೂ. ಜುಮಾ ದಿನ ಇನ್ನೂ 300 ಹೆಚ್ಚು. ತಿಂಗಳಿಗೆ 7,200 ವಜೂ, ಅಂದರೆ 39,600 ಲೀಟರ್. ತಮ್ಮ ಅಳೆದ ಲೆಕ್ಕ ನೋಡಿ ಅಬ್ಬಾ ಎರಡು ಸಲ ಕೂಡಿದರು.

ಅದೇ 2024ರ ಬೇಸಿಗೆಯಲ್ಲಿ ಜಲಮಂಡಳಿ ಹೋಟೆಲು, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕು ಎಂದು ಹೇಳಿತ್ತು. ಏರೇಟರ್ ಎಂದರೆ ನಲ್ಲಿಯ ಬಾಯಿಗೆ ಸಿಕ್ಕಿಸುವ ಚಿಕ್ಕ ಜಾಲರಿ. ಅದು ನೀರಿಗೆ ಗಾಳಿ ಬೆರೆಸುತ್ತದೆ. ಧಾರೆ ತುಂಬಿದ ಹಾಗೆ ಕಾಣುತ್ತದೆ, ಕೈ ಚೆನ್ನಾಗಿ ನೆನೆಯುತ್ತದೆ, ನೀರು ಮಾತ್ರ ಕಡಿಮೆ. ಒಂದಕ್ಕೆ 130 ರೂಪಾಯಿ. ತಮ್ಮ ಒಂದು ನಲ್ಲಿಗೆ ಹಾಕಿ ಮತ್ತೆ ಅಳೆದ: ಒಬ್ಬರಿಗೆ ಮೂರು ಲೀಟರ್. ಎರಡೂವರೆ ಲೀಟರ್ ಉಳಿತಾಯ. 7,200 ವಜೂಗೆ ತಿಂಗಳಿಗೆ 18,000 ಲೀಟರ್, ವರ್ಷಕ್ಕೆ 2,16,000 ಲೀಟರ್, 36 ಟ್ಯಾಂಕರ್. ಹದಿನಾಲ್ಕು ನಲ್ಲಿಗೆ ಖರ್ಚು 1,820 ರೂಪಾಯಿ.

62,000 ರೂಪಾಯಿಯ ಮಳೆ ನೀರಿಗಿಂತ 1,820 ರೂಪಾಯಿಯ ಜಾಲರಿ ಹೆಚ್ಚು ನೀರು ಕೊಡುತ್ತದೆ ಎಂಬುದನ್ನು ಈ ಲೆಕ್ಕ ನನಗೆ ತೋರಿಸಿತು. ಪರಿಸರದ ವಿಷಯ ಬಂದಾಗ ನಾವೆಲ್ಲ ದೊಡ್ಡ ಯೋಜನೆಯ ಕಡೆ ನೋಡುತ್ತೇವೆ, ಉದ್ಘಾಟನೆ ಮಾಡಬಹುದಾದದ್ದರ ಕಡೆ ನೋಡುತ್ತೇವೆ. ಜಾಲರಿಗೆ ಯಾರೂ ಕಲ್ಲಿನ ಫಲಕ ಹಾಕುವುದಿಲ್ಲ. ಕ್ರಮ ಹೀಗಿರಬೇಕು: ಮೊದಲು ಪೋಲು ನಿಲ್ಲಿಸುವುದು, ಆಮೇಲೆ ಬಿದ್ದದ್ದನ್ನು ಹಿಡಿಯುವುದು, ಆಮೇಲೆ ಬಳಸಿದ್ದನ್ನು ಮತ್ತೆ ಬಳಸುವುದು, ಕೊನೆಗೆ ಹೊಸದನ್ನು ತರುವುದು. ನಾವು ಯಾವಾಗಲೂ ಕೊನೆಯದನ್ನೇ ಮೊದಲು ಮಾಡುತ್ತೇವೆ.

ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಬ್ಬಾಗೆ ಕೊಟ್ಟೆ. 2025ರ ಫೆಬ್ರವರಿಯಲ್ಲಿ, ರಂಜಾನಿಗೆ ಮೊದಲು, ಕಮಿಟಿ ಸೇರಿತು. ನಾನು ಕನ್ನಡದಲ್ಲಿ ಬರೆದದ್ದನ್ನು ಅವರು ಉರ್ದುವಿನಲ್ಲಿ ಓದಿ ಹೇಳಬೇಕಿತ್ತು. ಹಿಂದಿನ ರಾತ್ರಿ ಒಂದೊಂದು ಪದಕ್ಕೂ ಅರ್ಥ ಕೇಳಿದರು. ‘ಅಂತರ್ಜಲ ಮರುಪೂರಣ’ ಎಂಬಲ್ಲಿ ನಿಂತರು. ನಾನು ಎಷ್ಟು ವಿವರಿಸಿದರೂ ಅವರಿಗೆ ತೃಪ್ತಿಯಾಗಲಿಲ್ಲ. ಅಡುಗೆಮನೆಯಿಂದ ಅಮ್ಮಿ ಹೇಳಿದರು: ‘ಜಮೀನ್ ಕಾ ಪಾನಿ ಜಮೀನ್ ಕೋ ವಾಪಸ್.’ ನೆಲದ ನೀರು ನೆಲಕ್ಕೆ ವಾಪಸ್. ಅಬ್ಬಾ ಅದನ್ನೇ ಬರೆದುಕೊಂಡರು.

ಸಭೆಯಲ್ಲಿ ಏನಾಯಿತು ಎಂಬುದನ್ನು ಅಬ್ಬಾ ಬಂದು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಜಾಲರಿಯ ಬಗ್ಗೆ ಒಬ್ಬರು ಹಿರಿಯರು, ನೀರು ಸಣ್ಣಗೆ ಬಂದರೆ ವಜೂ ಪೂರ್ತಿಯಾಗುವುದಿಲ್ಲ ಎಂದರು. ಇಮಾಮ್ ಸಾಹೇಬರು ಉತ್ತರ ಕೊಟ್ಟರು: ಪ್ರವಾದಿಯವರು ಒಂದು ಮುದ್ದ್ ನೀರಿನಲ್ಲಿ ವಜೂ ಮಾಡುತ್ತಿದ್ದರೆಂದು ಹದೀಸಿನಲ್ಲಿದೆ. ಮುದ್ದ್ ಎಂದರೆ ಎರಡೂ ಕೈ ಜೋಡಿಸಿದಾಗ ಹಿಡಿಯುವಷ್ಟು, ಇಂದಿನ ಅಳತೆಯಲ್ಲಿ ಒಂದು ಲೀಟರಿಗಿಂತಲೂ ಕಡಿಮೆ. ಅಲ್ಲಿಗೆ ಆ ಮಾತು ಮುಗಿಯಿತು. ವಜೂ ಮಾಡಿದ ನೀರನ್ನು ಶೌಚಾಲಯಕ್ಕೆ ಬಳಸಬಹುದೇ ಎಂಬ ಪ್ರಶ್ನೆಗೂ ಅವರೇ ಹೇಳಿದರು: ಆ ನೀರಿನಿಂದ ಮತ್ತೆ ವಜೂ ಮಾಡುವಂತಿಲ್ಲ, ಆದರೆ ಅದು ಅಶುದ್ಧವಲ್ಲ, ತೊಳೆಯಲು, ಗಿಡಕ್ಕೆ ಹಾಕಲು ಅಡ್ಡಿಯಿಲ್ಲ. ಅದರಲ್ಲಿ ಸೋಪು ಇರುವುದಿಲ್ಲವಾದ್ದರಿಂದ ಮರಳು, ಜಲ್ಲಿಯಲ್ಲಿ ಸೋಸಿದರೆ ಸಾಕಾಗುತ್ತದೆ.

ದೊಡ್ಡ ಆಕ್ಷೇಪ ಬಂದದ್ದು ಇಂಗುಬಾವಿಗೆ. ಗುತ್ತಿಗೆ ಕೆಲಸ ಮಾಡುವ ಸದಸ್ಯರೊಬ್ಬರು ಕೇಳಿದರಂತೆ: ‘ನಾವು ಚಂದಾ ಎತ್ತಿ ನೀರು ಇಳಿಸುತ್ತೇವೆ. ಅದು ನಮ್ಮ ಕಾಂಪೌಂಡಿನ ಕೆಳಗೇ ನಿಲ್ಲುತ್ತದೆಯೇ? ಹಿಂದಿನ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಎಳೆದುಕೊಳ್ಳುತ್ತದೆ. ಇದರಲ್ಲಿ ನಮಗೇನು ಸಿಕ್ಕಿತು?’

ಇದು ಸರಿಯಾದ ಪ್ರಶ್ನೆ. ನನ್ನ ಹಾಳೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ನೆಲದ ಕೆಳಗೆ ಕಾಂಪೌಂಡ್ ಗೋಡೆ ಇಲ್ಲ. ಖರ್ಚು ಒಬ್ಬರದು, ಲಾಭ ಹತ್ತು ಜನರದು ಆದಾಗ ಯಾರೂ ಮುಂದೆ ಬರುವುದಿಲ್ಲ ಎಂದು ಅರ್ಥಶಾಸ್ತ್ರದಲ್ಲಿ ನಾವು ಓದುತ್ತೇವೆ. ಬೀದಿ ದೀಪ, ರಸ್ತೆ, ಶುದ್ಧ ಗಾಳಿ ಎಲ್ಲದರ ಕಷ್ಟವೂ ಇದೇ. ಎಲ್ಲರೂ ಬೋರ್‌ವೆಲ್ ಕೊರೆಸುತ್ತಾರೆ, ಯಾಕೆಂದರೆ ಅದರಲ್ಲಿ ಎಳೆದದ್ದು ನನ್ನದು. ಇಂಗುಬಾವಿ ಯಾರೂ ತೋಡಿಸುವುದಿಲ್ಲ, ಯಾಕೆಂದರೆ ಇಳಿಸಿದ್ದು ಎಲ್ಲರದು. ಹೀಗೆ ಒಬ್ಬೊಬ್ಬರ ಜಾಣತನ ಸೇರಿ ಇಡೀ ಊರಿನ ನೀರು ಖಾಲಿಯಾಯಿತು.

ಉತ್ತರ ಕೊಟ್ಟವರು ಮಸೀದಿಯಲ್ಲಿ ಚಾಪೆ ಹಾಸುವ, ಪಂಪ್ ಹಾಕುವ ವಯಸ್ಸಾದ ಚಾಚಾ. ಅವರು ಕಮಿಟಿಯ ಸದಸ್ಯರೂ ಅಲ್ಲ, ಚಹಾ ಕೊಡಲು ಬಂದವರು. ಮದೀನಾದಲ್ಲಿ ಹಜರತ್ ಉಸ್ಮಾನ್ ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಕಥೆಯನ್ನು ನಾವೆಲ್ಲ ಮದರಸಾದಲ್ಲಿ ಕೇಳಿದ್ದೇವೆ. ಚಾಚಾ ಅದನ್ನು ನೆನಪಿಸಿ, ಆ ಬಾವಿಯಿಂದ ಯಾರು ಯಾರು ನೀರು ಸೇದಿದರು ಎಂದು ಉಸ್ಮಾನರು ಪಟ್ಟಿ ಬರೆಸಿದ್ದರೇ ಎಂದು ಕೇಳಿದರಂತೆ. ಬಾವಿ ತೋಡಿಸುವುದು ಸದಕಾ ಜಾರಿಯಾ, ಅಂದರೆ ಮಾಡಿದವರು ಹೋದ ಮೇಲೂ ಪುಣ್ಯ ನಿಲ್ಲದ ದಾನ. ಮೇಲೆ ಎಳೆಯುವ ಬಾವಿಗೆ ಅದು ಸಲ್ಲುವುದಾದರೆ ಕೆಳಗೆ ಇಳಿಸುವ ಬಾವಿಗೆ ಯಾಕೆ ಸಲ್ಲಬಾರದು? ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು ಎಂದು ಅಬ್ಬಾ ಹೇಳಿದರು.

ಎಲ್ಲವೂ ಪಾಸಾಗಲಿಲ್ಲ. ವಜೂ ನೀರನ್ನು ಶೌಚಾಲಯಕ್ಕೆ ತಿರುಗಿಸಲು ಹಳೆಯ ಪೈಪುಗಳನ್ನೆಲ್ಲ ಒಡೆಯಬೇಕಿತ್ತು, ಅದನ್ನು ಮುಂದಕ್ಕೆ ಹಾಕಿದರು. ಹೊಸ ಬೋರ್‌ವೆಲ್ ಪ್ರಸ್ತಾವವನ್ನು ಕೈಬಿಡಲಿಲ್ಲ, ಒಂದು ವರ್ಷ ತಡೆದರು. ಜಾಲರಿ ಮತ್ತು ಮಳೆ ನೀರಿಗೆ ಒಪ್ಪಿಗೆ ಸಿಕ್ಕಿತು. ಜಾಲರಿಗಳನ್ನು ರಂಜಾನಿಗೆ ಮೊದಲೇ ಹಾಕಿದರು. ಏಪ್ರಿಲಿನಲ್ಲಿ ಇಂಗುಬಾವಿ ತೋಡಿದರು. ತೋಡಲು ಬಂದವರು ತಲೆತಲಾಂತರದಿಂದ ಬಾವಿ ತೋಡುವ ಮಣ್ಣುವಡ್ಡರ ಕುಟುಂಬದವರು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ. ಇಬ್ಬರು ಕೆಳಗೆ, ಇಬ್ಬರು ಮೇಲೆ. ಎರಡೂವರೆ ದಿನದಲ್ಲಿ ಮುಗಿಸಿದರು. ಒಳಗೆ ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ, ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ನೀರು ತಳದಿಂದ, ಬಳೆಗಳ ಸಂದಿಯಿಂದ ಮಣ್ಣಿಗೆ ಇಳಿಯುತ್ತದೆ. ನಾನು ತಾರಸಿಯಿಂದ ನೋಡುತ್ತಿದ್ದೆ. ಹದಿನೈದು ಅಡಿಯವರೆಗೂ ಒಣ ಮಣ್ಣು, ಅದರ ಕೆಳಗೆ ಸ್ವಲ್ಪ ತೇವದ ಬಣ್ಣ.

ವ್ಯವಸ್ಥೆ ಸರಳ. ಛಾವಣಿಯ ನೀರು ಫಿಲ್ಟರಿನ ಮೂಲಕ ಮೊದಲು 10,000 ಲೀಟರಿನ ಸಂಪಿಗೆ, ಸಂಪು ತುಂಬಿದ ಮೇಲೆ ಇಂಗುಬಾವಿಗೆ. ಮಿನಾರಿನಲ್ಲಿ ಪಾರಿವಾಳಗಳಿರುವುದರಿಂದ ಈ ನೀರನ್ನು ಕುಡಿಯಲು ಬಳಸುವುದಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಛಾವಣಿ ಗುಡಿಸಬೇಕು, ಫಿಲ್ಟರಿನ ಜಲ್ಲಿ ತೊಳೆಯಬೇಕು, ಸೊಳ್ಳೆ ಹೋಗದಂತೆ ಬಾಯಿಗೆ ಬಲೆ ಕಟ್ಟಬೇಕು. ಇಂಗುಬಾವಿಗೆ ಮಳೆ ನೀರು ಬಿಟ್ಟು ಬೇರೆ ಯಾವ ನೀರನ್ನೂ ಬಿಡಬಾರದು, ಯಾಕೆಂದರೆ ನೆಲದೊಳಗೆ ಕೊಳಕು ಹೋದರೆ ತೆಗೆಯುವವರು ಯಾರೂ ಇಲ್ಲ.

ಆ ಮೇ ತಿಂಗಳಲ್ಲಿ ಬೆಂಗಳೂರಿಗೆ ಭಾರಿ ಮಳೆ ಬಂತು. ತಗ್ಗು ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಒಂದು ಬೇಸಿಗೆಯಲ್ಲಿ ಬಾಯಾರಿದ ಊರೇ ಮುಂದಿನ ಬೇಸಿಗೆಯಲ್ಲಿ ಮುಳುಗಿತು. ಎರಡಕ್ಕೂ ಕಾರಣ ಒಂದೇ, ನೀರು ಇಳಿಯಲು ಜಾಗವಿಲ್ಲ. ಆ ರಾತ್ರಿ ನಮ್ಮ ಮಸೀದಿಯ ಛಾವಣಿಯ ನೀರು ಬೀದಿಗೆ ಬರಲಿಲ್ಲ. ಇಡೀ ಊರಿನ ಪ್ರವಾಹಕ್ಕೆ ಅದು ಲೆಕ್ಕಕ್ಕೇ ಇಲ್ಲ, ಆದರೆ ಪ್ರವಾಹವೂ ಛಾವಣಿ ಛಾವಣಿ ಸೇರಿಯೇ ಆದದ್ದು.

ಬತ್ತಿದ ಬೋರ್‌ವೆಲ್ ಮತ್ತೆ ತುಂಬಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅದು ತುಂಬಿಲ್ಲ. 850 ಅಡಿ ಆಳಕ್ಕೆ ನೀರು ಸೇರಲು ಒಂದು ಮಳೆಗಾಲ ಎಲ್ಲಿಗೆ ಸಾಕು? ಪುಸ್ತಕದಲ್ಲಿರುವುದನ್ನು ಮಾತ್ರ ಹೇಳುತ್ತೇನೆ. 2024ರ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಟ್ಯಾಂಕರ್ ತರಿಸಿದ್ದರು. 2025ರ ಅದೇ ತಿಂಗಳುಗಳಲ್ಲಿ ಒಂದೂ ಇಲ್ಲ. 2025ರ ಬೇಸಿಗೆಯಲ್ಲಿ, ಜಾಲರಿ ಮಾತ್ರ ಇದ್ದಾಗ, ಒಂಬತ್ತು ಟ್ಯಾಂಕರ್. ಹಿಂದಿನ ಬೇಸಿಗೆಯಲ್ಲಿ 31. ಕಾವೇರಿ ನೀರು ಸುಧಾರಿಸಿದ್ದೂ ಇದಕ್ಕೆ ಒಂದು ಕಾರಣ, ಎಲ್ಲವೂ ನಮ್ಮ ಸಾಧನೆಯಲ್ಲ. ಮುಖ್ಯವಾದದ್ದು ಪುಸ್ತಕದಲ್ಲಿ ಬರೆಯದ ಒಂದು ವಿಷಯ. ಹೊರಗಿನ ನಲ್ಲಿಯನ್ನು 2025ರಲ್ಲಿ ಒಂದು ದಿನವೂ ಮುಚ್ಚಲಿಲ್ಲ. ಕೆಲವು ವಾರ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ಬಿಟ್ಟರು, ಆದರೂ ಬಿಟ್ಟರು. ಆ ನಲ್ಲಿಗೆ ಯಾವ ಖಾತೆಯಲ್ಲಿ ಜಮೆ ಬರೆಯಬೇಕೆಂದು ನಮ್ಮ ಸಿಲಬಸ್ಸಿನಲ್ಲಿಲ್ಲ.

ಈಗ ನಮ್ಮ ಕಾಲೇಜಿನ ವಿಷಯ. ನಾವೆಲ್ಲ ದಿನಾ ಮೆಟ್ಟಿಲು ಹತ್ತುವ ಈ ಕಟ್ಟಡದ ಛಾವಣಿ ನಮ್ಮ ಮಸೀದಿಯದಕ್ಕಿಂತ ಬಹಳ ದೊಡ್ಡದು. ಇಲ್ಲಿ ಸಾಲು ನಲ್ಲಿಗಳಿವೆ, ಜೊಹರ್ ನಮಾಜಿನ ಹೊತ್ತಿಗೆ ಅವೆಲ್ಲ ಒಟ್ಟಿಗೆ ತೆರೆಯುತ್ತವೆ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಕಲ್ಲು ಹಾಕಿದೆ. ಪ್ರಾಂಶುಪಾಲರಲ್ಲಿ ಮತ್ತು ಅಧ್ಯಾಪಕರಲ್ಲಿ ನನ್ನ ಕೋರಿಕೆ ಹಣದ ಬಗ್ಗೆ ಅಲ್ಲ, ಸದ್ಯಕ್ಕೆ ಅಳೆಯಲು ಅನುಮತಿ ಕೊಡಿ. ಸೈನ್ಸ್ ವಿಭಾಗದವರು ಛಾವಣಿಯ ವಿಸ್ತೀರ್ಣ ಮತ್ತು ಇಳಿಜಾರು ನೋಡಲಿ. ಆರ್ಟ್ಸ್ ವಿಭಾಗದವರು ಸುತ್ತಲಿನ ಮನೆಗಳಿಗೆ ಹೋಗಿ ಬೇಸಿಗೆಯಲ್ಲಿ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿ ಬರೆಯಲಿ. ಲೆಕ್ಕ ನಾವು ಕಾಮರ್ಸ್‌ನವರು ಬರೆಯುತ್ತೇವೆ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಸಂಗ್ರಹ ಉದ್ಯಾನವಿದೆ, ಅಲ್ಲಿ ಬೇರೆ ಬೇರೆ ವಿಧಾನಗಳ ಮಾದರಿಗಳನ್ನು ಇಟ್ಟಿದ್ದಾರೆ. ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ಮಾಲ್ ಬದಲು ಅಲ್ಲಿಗೆ ಹೋಗಬಹುದು.

ಅಳೆಯಲು ಒಂದು ಬಕೆಟ್, ಒಂದು ಲೀಟರಿನ ಮಗ್, ಒಂದು ಟೇಪು ಸಾಕು. ಬಕೆಟ್ ಮತ್ತು ಮಗ್ ನಮ್ಮ ಮನೆಯಿಂದ ತರುತ್ತೇನೆ. ಹೆಸರು ಕೊಡುವವರು ದ್ವಿತೀಯ ಪಿಯುಸಿ ವಾಣಿಜ್ಯ ‘ಬಿ’ ವಿಭಾಗಕ್ಕೆ ಬನ್ನಿ, ಮಧ್ಯಾಹ್ನದ ಬಿಡುವಿನಲ್ಲಿ ನಾನು ಅಲ್ಲೇ ಇರುತ್ತೇನೆ.